ಮೂರು ಮೊಳೆಗಳ ಕಟ್ಟು

ಪತ್ರಿಕೆಯವರು ಬರೆದಿದ್ದಾರೆ:
ವಿಮರ್ಶಕ ಉತ್ಸುಗಿ ಕಾನೆಸುಕೆಯವರ ಮೇಲೆ ಪ್ರಭಾವ ಬೀರಿದವರು
ಇಬ್ಬರು ಫ್ರೆಂಚರು, ಒಬ್ಬ ರಷ್ಯನ್, ಒಬ್ಬ ಝೆನ್ ಗುರು.
ಇರಬಹುದು. ನಾನು ಅಷ್ಟು ಓದಿದವಳಲ್ಲ.
ಎನೊಕಿಚೋ ಗಲ್ಲಿಯ ಅಚ್ಚುಕೂಟದಲ್ಲಿ ಇಪ್ಪತ್ತೇಳು ವರ್ಷ
ಅವರ ಬರಹಕ್ಕೆ ಮೊಳೆ ಆರಿಸಿಕೊಟ್ಟವಳು.
ಎಡಗೈಯಲ್ಲಿ ಮರದ ಪೆಟ್ಟಿಗೆ, ಅದರಂಚಿಗೆ ಅವರ ಹಾಳೆ,
ಬಲಗೈ ಗೋಡೆಯುದ್ದದ ಗೂಡುಗಳಲ್ಲಿ
ಕಾಳು ಹೆಕ್ಕುವ ಗುಬ್ಬಿ.

ಸೀಸದಲ್ಲಿ ಅಕ್ಷರ ತಿರುವುಮುರುವು.
ನಾನು ಅವರನ್ನು ಓದಿದ್ದೆಲ್ಲ ಹಾಗೆಯೇ,
ಬೆನ್ನಿನ ಕಡೆಯಿಂದ.

ಕರಡು ತಿದ್ದಲು ತಾವೇ ಬರುವರು,
ಸುಟ್ಟ ಗೆಣಸಿನ ಪೊಟ್ಟಣ ಬಿಚ್ಚಿ ಎಲ್ಲರಿಗೂ ಹಂಚುವರು.
ಆಗ ಕೇಳಿದ್ದು ಇದು:

ಅಪ್ಪ ಒತಾರು ಬಂದರಿನಲ್ಲಿ ಹೆರ್ರಿಂಗ್ ಮೀನು ತೂಗುವವ.
ದಲ್ಲಾಳಿ ತಕ್ಕಡಿಗೆ ಹೆಬ್ಬೆರಳು ತಾಗಿಸಿದರೆ
ಏನೂ ಅನ್ನದೆ, ಮೀನೆಲ್ಲ ಕೆಳಗಿಳಿಸಿ, ಮತ್ತೆ ಮೊದಲಿಂದ.
ಮೂರನೇ ಸಲಕ್ಕೆ ದಲ್ಲಾಳಿಯ ಕೈ ಜೇಬಿನೊಳಗೆ.
"ವಿಮರ್ಶೆ ಅಂದರೆ ಇಷ್ಟೇ, ತೋಮೆ-ಸಾನ್.
ಉಳಿದದ್ದು ಮೀನಿನ ವಾಸನೆ."

ಚಿಕ್ಕಪ್ಪ ಮೂಕಿಚಿತ್ರದ ಪರದೆ ಪಕ್ಕ ನಿಂತು ಕತೆ ಹೇಳುವವ.
ಒಂದೇ ಗಂಟಲಲ್ಲಿ ನಾಯಕಿ, ಕಳ್ಳ, ಕುದುರೆ, ಬಿರುಗಾಳಿ.
ಚಿತ್ರಕ್ಕೆ ಮಾತು ಬಂತು, ಅವನ ಕೆಲಸ ಹೋಯಿತು.
ಆಮೇಲೆ ಮನೆಯ ಕಿಟಕಿಯಲ್ಲಿ ಕೂತು
ಬೀದಿಯಲ್ಲಿ ಹೋಗುವವರಿಗೆಲ್ಲ ದನಿ ಕೊಡುತ್ತಿದ್ದ,
ಯಾರಿಗೂ ಕೇಳಿಸದಷ್ಟು ಮೆಲ್ಲಗೆ.
ಪಕ್ಕದಲ್ಲಿದ್ದ ಹುಡುಗನಿಗೆ ಕೇಳಿಸಿತು.

ಶ್ವಾಸಕೋಶದ ಕಲೆ ಅವರನ್ನು ಸೈನ್ಯದಿಂದ ಉಳಿಸಿತ್ತು.
ಸೋತ ವರ್ಷದ ಚಳಿಯಲ್ಲಿ ಶಾಲೆಯ ಮೇಷ್ಟ್ರು.
ಆಜ್ಞೆ ಬಂತು: ಪುಟ ಹದಿನಾಲ್ಕು, ಐದನೇ ಸಾಲಿನಿಂದ ಮಸಿ ಬಳಿಯಿರಿ.
ಮಕ್ಕಳು ಕುಂಚ ಅದ್ದಿ ಬಳಿದರು,
ಬಾಯಿಪಾಠ ಬಾರದ್ದಕ್ಕೆ ಬೇಸಿಗೆಯಲ್ಲಿ ಏಟು ತಿಂದಿದ್ದ
ಅವೇ ಸಾಲುಗಳ ಮೇಲೆ.
ಹುಡುಗಿಯೊಬ್ಬಳು ಪುಟವನ್ನು ಬೆಳಕಿಗೆ ಹಿಡಿದು
"ಸೆನ್ಸೇ, ಇನ್ನೂ ಕಾಣತ್ತೆ" ಅಂದಳಂತೆ.
ಇದನ್ನು ಹೇಳಿ ಮುಗಿಸುವಷ್ಟರಲ್ಲಿ
ಅವರ ಕೈಲಿದ್ದ ಗೆಣಸು ಆರಿಹೋಗಿತ್ತು.

ಅವರ ಹಾಳೆ ಬರುವ ದಿನ ನನ್ನ ತಯಾರಿ ಒಂದೇ:
ಶಿ, ಕ, ಶಿ, ಮೂರು ಮೊಳೆ ಸೇರಿಸಿ ನೂಲಿಂದ ಬಿಗಿದು
ಇಪ್ಪತ್ತು ಮೂವತ್ತು ಕಟ್ಟು ಎದುರಿಗಿಟ್ಟುಕೊಳ್ಳುವುದು.
ಶಿಕಶಿ, ಅಂದರೆ ನಮ್ಮಲ್ಲಿ 'ಆದರೆ'.
ಹೊಗಳಿಕೆ ಏರುತ್ತಿದ್ದಂತೆ ಶಿಕಶಿ,
ತೆಗಳಿಕೆಗೆ ಕಾವು ಬರುತ್ತಿದ್ದಂತೆ ಶಿಕಶಿ.
ಹೊಸ ಹುಡುಗರು ಪಿಸುಗುಡುವರು: ಬಂದರಪ್ಪ ಆದರೆ ಮೇಷ್ಟ್ರು!

ಅರವತ್ತು ತುಂಬಿದಾಗ ಸಮಗ್ರ ಸಂಪುಟ.
ಸಂಪಾದಕರು ಬಿಟ್ಟಿದ್ದ ಒಂದು ಲೇಖನವನ್ನು
ಬಟ್ಟೆಯಲ್ಲಿ ಸುತ್ತಿ ಅವರೇ ತಂದರು.
ಇಪ್ಪತ್ತೆರಡರ ಹರೆಯದಲ್ಲಿ ಬರೆದದ್ದು. ಯುದ್ಧಕ್ಕೆ ಹೊರಟ ಗೆಳೆಯರನ್ನು
ಉದುರುವ ಹೂವಿಗೆ ಹೋಲಿಸಿದ ಹನ್ನೊಂದು ಪುಟ.
"ಆ ಪತ್ರಿಕೆಯ ಪ್ರತಿ ಎಲ್ಲೂ ಉಳಿದಿಲ್ಲ, ಯಾರು ಕೇಳುತ್ತಾರೆ?"
"ಇದನ್ನೂ ತೂಕಕ್ಕೆ ಹಾಕಿ. ಒಂದು ಚುಕ್ಕೆ ಬದಲಿಸಬೇಡಿ."

ಆ ಸಂಜೆ ಗೆಣಸಿಲ್ಲ, ಚಹವಿಲ್ಲ. ಬಾಗಿಲ ಬಳಿ ನಿಂತೇ ಇದ್ದರು.
ನಾನು ಆರಿಸುತ್ತಾ ಹೋದೆ. ಹನ್ನೊಂದು ಪುಟ ಮುಗಿಯಿತು.
ನೂಲಿನ ಕಟ್ಟುಗಳು ಇಟ್ಟಲ್ಲೇ ಇದ್ದವು,
ಒಂದೂ ಖರ್ಚಾಗಿರಲಿಲ್ಲ.

ನಾನೇನೂ ಹೇಳಲಿಲ್ಲ. ಅವರು ಮೇಜಿನತ್ತ ಬಂದು
ಒಂದು ಕಟ್ಟನ್ನೆತ್ತಿ ಅಂಗೈಯಲ್ಲಿ ತುಸು ಹೊತ್ತು ಹಿಡಿದು,
ಮೀನು ತೂಗುವವನ ಮಗ,
ವಾಪಸು ಇಟ್ಟು ಹೋದರು.

ಈಗ ಅಚ್ಚುಕೂಟವಿಲ್ಲ. ಮೊಳೆಗಳನ್ನೆಲ್ಲ ಕರಗಿಸಿ ಮಾರಿದರು.
ನಾನು ಉಳಿಸಿಕೊಂಡದ್ದು ಆ ಒಂದು ಕಟ್ಟು.
ಅವರ ಪೆಟ್ಟಿಗೆಯಲ್ಲಿಡೋಣವೆಂದು ನಿನ್ನೆ ಒಯ್ದಿದ್ದೆ.
ಸುಡುಗಾಡಿನ ಹುಡುಗ ತಲೆಬಾಗಿ ಹೇಳಿದ:
"ಲೋಹ ಹಾಕುವಂತಿಲ್ಲ ಅಜ್ಜಿ, ಕರಗಿ ಎಲುಬಿಗೆ ಅಂಟುತ್ತದೆ."

ಹಾಗಾಗಿ ಅಡುಗೆಮನೆಯ ಕಿಟಕಿಯಲ್ಲಿದೆ, ಉಪ್ಪಿನ ಡಬ್ಬಿ ಪಕ್ಕ.
ಶಿ, ಕ, ಶಿ.
ಆ ತುದಿಯಿಂದ ಹಿಡಿದರೂ ಈ ತುದಿಯಿಂದ ಹಿಡಿದರೂ
ಅದೇ ಮಾತು.